ಸಾಕ್ಷಿ: ತಾಯಿ

ಪ್ರಿಯರೇ,

ನಿಮ್ಮ ‘ಎರಡು ದಡ’ ಕಥೆಯನ್ನು ಎರಡು ಸಲ ಓದಿದೆ. ಮೊದಲ ಸಲ ಮುಗಿಸಿದಾಗ ಸಿಟ್ಟು ಬಂತು. ಕಳಪೆ ಕಥೆ ಓದಿದರೆ ನನಗೆ ಸಿಟ್ಟು ಬರುವುದಿಲ್ಲ, ಪಕ್ಕಕ್ಕಿಟ್ಟು ಮುಂದಿನದನ್ನು ತೆಗೆದುಕೊಳ್ಳುತ್ತೇನೆ. ಒಳ್ಳೆಯದೊಂದು ಕೈಗೆ ಸಿಕ್ಕಿದ್ದೂ ಬರೆದವರು ಅದನ್ನು ನೋಡಲೇ ಇಲ್ಲ ಅನ್ನಿಸಿದಾಗ ಹೀಗಾಗುತ್ತದೆ.

ಕಲ್ಪನೆ ಚೆನ್ನಾಗಿದೆ. ಇಸವಿ 2071. ನದಿಯ ಈಚೆ ದಡದ ಊರಿನಲ್ಲಿ ಯಾವ ತಪ್ಪನ್ನೂ ಕ್ಷಮಿಸುವಂತಿಲ್ಲ. ಹುಟ್ಟಿದಾಗಿನಿಂದ ಮಾಡಿದ್ದೆಲ್ಲ ದಾಖಲೆ ಪುಸ್ತಕಕ್ಕೆ ಹೋಗುತ್ತದೆ. ಆಚೆ ದಡದಲ್ಲಿ ಯಾವ ತಪ್ಪನ್ನೂ ನೆನಪಿಡುವಂತಿಲ್ಲ. ರಾತ್ರಿ ಗಂಟೆ ಹೊಡೆದರೆ ಆ ದಿನದ್ದೆಲ್ಲ ಅಳಿಸಿಹೋಯಿತು. ನಿಮ್ಮ ನಾಯಕಿ ಈಚೆಯಿಂದ ಆಚೆಗೆ ಓಡುತ್ತಾಳೆ. ಭಾಷೆಯೂ ಸರಾಗವಾಗಿದೆ. ಹೊಗಳಿಕೆ ಇಷ್ಟು ಸಾಕು, ಮೊದಲ ಪುಟಕ್ಕೆ ಬನ್ನಿ.

“ಕ್ರೂರ ಅಧಿಕಾರಿ ಪುಸ್ತಕ ತೆರೆದ.” ಅವನು ಕ್ರೂರ ಅಂತ ನೀವು ಹೇಳುತ್ತೀರಿ, ಅವನು ಮಾಡಿದ್ದು ಪುಸ್ತಕ ತೆರೆದದ್ದು ಮಾತ್ರ. ನನಗೆ ಬೇಕಿದ್ದದ್ದು ಬೇರೆ. ಆ ಊರಿನಲ್ಲಿ ಎಲ್ಲರಿಗೂ ಒಂದು ಪುಸ್ತಕ ಇದೆ ಅಂದಮೇಲೆ ಅವನಿಗೂ ಇರಬೇಕು ಅಲ್ವಾ? ಅದರಲ್ಲಿ ಏನಿದೆ? ಅದನ್ನು ಬರೆಯುವವರು ಯಾರು? ಮುಂದಿನ ಕುರ್ಚಿಯಲ್ಲಿ ಕೂತವನೇ ಆಗಿದ್ದರೆ, ಇಬ್ಬರೂ ಊಟದ ಹೊತ್ತಿನಲ್ಲಿ ಏನು ಮಾತಾಡಿಕೊಳ್ಳುತ್ತಾರೆ?

ಎರಡನೇ ಸಾಲು: “ಜನ ಯಂತ್ರಗಳ ಹಾಗೆ ಬದುಕುತ್ತಿದ್ದರು.” ಯಾವ ಜನ? ಒಬ್ಬರನ್ನಾದರೂ ತೋರಿಸಿ. ಮೂರನೇ ಸಾಲು: “ಎಲ್ಲರೂ ಭಯದಿಂದ ತಪ್ಪು ಒಪ್ಪಿಕೊಳ್ಳುತ್ತಿದ್ದರು.” ನಾನು ಪೆನ್ಸಿಲ್ ಕೆಳಗಿಟ್ಟದ್ದು ಇಲ್ಲೇ. ಬರೀ ಭಯದ ಮೇಲೆ ಒಂದು ಊರು ಅಷ್ಟು ದಿನ ನಿಲ್ಲುವುದಿಲ್ಲ. ಅದರಲ್ಲಿ ಖುಷಿಪಡುವವರೂ ಇರಬೇಕು.

1497ರ ಫೆಬ್ರವರಿಯಲ್ಲಿ ಇಟಲಿಯ ಫ್ಲಾರೆನ್ಸ್‌ನಲ್ಲಿ ನಡೆದದ್ದನ್ನು ನೋಡಿ. ಸವೊನಾರೋಲಾ ಎಂಬ ಸನ್ಯಾಸಿಯ ಮಾತು ಕೇಳಿ ಜನ ಕನ್ನಡಿ, ಇಸ್ಪೀಟು, ವಾದ್ಯ, ಚಿತ್ರ, ಪುಸ್ತಕ ಎಲ್ಲ ತಂದು ಊರಿನ ದೊಡ್ಡ ಚೌಕದಲ್ಲಿ ರಾಶಿ ಹಾಕಿ ಸುಟ್ಟರು. ಮನೆ ಮನೆಗೆ ಹೋಗಿ ಅವನ್ನೆಲ್ಲ ಕೂಡಿಸಿ ತಂದದ್ದು ಸೈನಿಕರಲ್ಲ, ಹುಡುಗರು. ಅದೇ ವಯಸ್ಸಿನ ಹುಡುಗರು ಅದಕ್ಕೆ ಮೊದಲು ಹಬ್ಬದ ದಿನಗಳಲ್ಲಿ ಬೀದಿಯಲ್ಲಿ ಕಲ್ಲು ತೂರುತ್ತಿದ್ದರು. ಈಗ ಹಾಡು ಹೇಳಿಕೊಂಡು ಮೆರವಣಿಗೆ ಹೊರಟರು. ಅವರಿಗೆ ಒಂದು ಕೆಲಸ ಸಿಕ್ಕಿತ್ತು. ದೊಡ್ಡವರು ಅವರಿಗೆ ಬಾಗಿಲು ತೆರೆಯುತ್ತಿದ್ದರು. ಆ ವಯಸ್ಸಿನಲ್ಲಿ ಅದು ಎಂಥ ರುಚಿ ಅಂತ ಯೋಚಿಸಿ. ಮರುವರ್ಷ, 1498ರ ಮೇ ತಿಂಗಳಲ್ಲಿ, ಅದೇ ಚೌಕದಲ್ಲಿ ಸವೊನಾರೋಲಾನನ್ನೇ ನೇಣಿಗೆ ಹಾಕಿ ಸುಟ್ಟರು. ನಿಮ್ಮ ಊರಿನಲ್ಲಿ ಅಂಥ ಹುಡುಗ ಒಬ್ಬನೂ ಇಲ್ಲ. ಹೊಡೆಯುವವರು, ಹೊಡೆತ ತಿನ್ನುವವರು, ಅಷ್ಟೇ.

ನಾನೂ ಹೀಗೇ ಬರೆಯುತ್ತಿದ್ದೆ. ಇಪ್ಪತ್ತೆರಡನೇ ವಯಸ್ಸಿನಲ್ಲಿ ಒಂದು ಪತ್ರಿಕೆಯಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿದ್ದೆ. ಜೈಲಿನ ಬಗ್ಗೆ ಒಂದು ಕಥೆ ಬರೆದು ಅಲ್ಲಿನ ಹಿರಿಯ ಉಪಸಂಪಾದಕರಿಗೆ ಕೊಟ್ಟೆ. ಮೂರು ದಿನ ಬಿಟ್ಟು ವಾಪಸ್ ಬಂತು. ಏನೂ ಬರೆದಿರಲಿಲ್ಲ. ‘ಕ್ರೂರ’ ಅನ್ನೋ ಪದ ಬಂದಲ್ಲೆಲ್ಲ ಕೆಂಪು ಪೆನ್ಸಿಲ್‌ನಲ್ಲಿ ಒಂದು ಸುತ್ತು. ಎಣಿಸಿದೆ, ಹನ್ನೊಂದು. ಮಧ್ಯಾಹ್ನ ಅವರ ಮೇಜಿನ ಹತ್ತಿರ ಹೋಗಿ ನಿಂತೆ. “ಇಷ್ಟು ಸಲ ಹೇಳ್ತೀಯಲ್ಲ, ನಿನಗೇ ನಂಬಿಕೆ ಇಲ್ವಾ?” ಅಂದರು. ಅವಮಾನ ಆಯಿತು. ಆ ರಾತ್ರಿ ಕೂತು ಹನ್ನೊಂದನ್ನೂ ಹೊಡೆದುಹಾಕಿದೆ. ಆಮೇಲೆ ಕಾವಲುಗಾರನ ಬಗ್ಗೆ ಹೇಳುವುದಕ್ಕೆ ನನ್ನ ಹತ್ತಿರ ಏನೂ ಉಳಿದಿರಲಿಲ್ಲ. ಅವನನ್ನು ನಾನು ಒಂದು ಸಲವೂ ನೋಡಿರಲಿಲ್ಲ, ಬರೀ ಬೈದಿದ್ದೆ. ಅವನಿಗೆ ಕಾಲುನೋವು ಇದೆ, ಬೀಗದ ಕೈಯ ಗೊಂಚಲನ್ನು ಶಬ್ದ ಬರದ ಹಾಗೆ ಹಿಡಿದು ನಡೆಯುತ್ತಾನೆ ಅಂತ ಬರೆಯಲು ನನಗೆ ಇನ್ನೂ ಎರಡು ತಿಂಗಳು ಬೇಕಾಯಿತು.

ಇನ್ನು ಆಚೆ ದಡ. ಅಲ್ಲಿ ಎಲ್ಲವನ್ನೂ ಮರೆಯುತ್ತಾರೆ, ಒಂದೇ ಒಂದು ವಿನಾಯಿತಿ ಇಲ್ಲ ಅಂತ ಬರೆದಿದ್ದೀರಿ. ಇದನ್ನು ನಾನು ನಂಬಲಿಲ್ಲ. ಕ್ರಿ.ಪೂ. 403ರಲ್ಲಿ ಅಥೆನ್ಸ್‌ನ ಜನ ಇಂಥದೇ ಒಂದು ಪ್ರಮಾಣ ಮಾಡಿದ್ದರು. ಊರನ್ನು ಆಳುತ್ತಿದ್ದ ಮೂವತ್ತು ಜನರ ದಬ್ಬಾಳಿಕೆ, ಅದರ ಹಿಂದೆಯೇ ಒಳಯುದ್ಧ, ಎಲ್ಲ ಮುಗಿದಿತ್ತು. ಹಳೆಯ ಕೇಡನ್ನು ಇನ್ನು ಎತ್ತಿ ಆಡುವುದಿಲ್ಲ ಅಂದರು. ಆದರೆ ಆ ಮೂವತ್ತು ಜನರನ್ನೂ ಅವರ ಕೈಕೆಳಗಿನ ಕೆಲವು ಅಧಿಕಾರಿಗಳನ್ನೂ ಹೊರಗಿಟ್ಟರು. ಅಧಿಕಾರದಲ್ಲಿದ್ದಾಗ ಮಾಡಿದ್ದರ ಲೆಕ್ಕ ಒಪ್ಪಿಸಿದರೆ ಮಾತ್ರ ಅವರಿಗೂ ರಕ್ಷಣೆ. ಪ್ರಮಾಣ ಮುರಿದು ಹಳೆಯದನ್ನು ಕೆದಕಿದ ಒಬ್ಬನನ್ನು ವಿಚಾರಣೆ ಇಲ್ಲದೆ ಕೊಂದದ್ದೂ ಉಂಟು. ನೋಡಿ, ಮರೆಯುವುದಕ್ಕೂ ಒಂದು ಪಟ್ಟಿ ಬೇಕಾಯಿತು. ಅಮೆರಿಕದಲ್ಲಿ 1920ರಿಂದ 1933ರವರೆಗೆ ಮದ್ಯ ನಿಷೇಧ ಇದ್ದಾಗಲೂ ವೈದ್ಯರ ಚೀಟಿ ಇದ್ದರೆ ವಿಸ್ಕಿ ಕಾನೂನಿನ ಪ್ರಕಾರವೇ ಸಿಗುತ್ತಿತ್ತು. ನಿಯಮ ಎಷ್ಟು ಬಿಗಿಯೋ ಅದರ ಪಕ್ಕದ ಕಿಂಡಿಗೆ ಅಷ್ಟು ಜನ. ನಿಮ್ಮ ಆಚೆ ದಡದಲ್ಲಿ ಸಾಲ ಕೊಟ್ಟವನು ಏನು ಮಾಡುತ್ತಾನೆ? ಗಂಟೆ ಹೊಡೆಯುವವನಾದರೂ ನೆನಪಿಟ್ಟುಕೊಳ್ಳಬೇಕಲ್ಲ, ಅವನು ಯಾರು?

ಸೇತುವೆ ಮೇಲಿನ ಓಟ, ಗುಂಡಿನ ಸದ್ದು, ಕೊನೆಯ ಭಾಷಣ, ಇವುಗಳ ಬಗ್ಗೆ ನಾನು ಏನೂ ಹೇಳುವುದಿಲ್ಲ.

ನಾಲ್ಕನೇ ಪುಟದಲ್ಲಿ ನಾಯಕಿ ತನ್ನ ಪುಸ್ತಕ ಕದ್ದು ತೆರೆದಾಗ ಮೊದಲ ದಾಖಲೆ ಹೀಗಿದೆ: “ವಯಸ್ಸು 4. ಲೋಟ ಒಡೆದದ್ದು. ಸಾಕ್ಷಿ: ತಾಯಿ.” ಇದನ್ನು ಬರೆದು ನೀವು ಸುಮ್ನೆ ಮುಂದೆ ಹೋಗಿಬಿಟ್ಟಿದ್ದೀರಿ. ನಾನು ಹೋಗಲಾರದೆ ಅಲ್ಲೇ ನಿಂತೆ. ನನಗೆ ಸಿಟ್ಟು ಬಂದದ್ದು ಇದಕ್ಕೇ. ಲೋಟ ಒಡೆದಾಗ ಮನೆಯಲ್ಲಿ ಇದ್ದದ್ದು ಅವರಿಬ್ಬರೇ. ಅಂದರೆ ಹೋಗಿ ಹೇಳಿದ್ದು ಅಮ್ಮನೇ. ಅವಳು ಕೆಟ್ಟವಳಲ್ಲ, ಮುಂದೆ ಆರನೇ ಪುಟದಲ್ಲಿ ಮಗಳಿಗೆ ತಲೆ ಬಾಚುವಾಗ ಎಷ್ಟು ಮೆತ್ತಗೆ ಸಿಕ್ಕು ಬಿಡಿಸುತ್ತಾಳೆ ಅಂತ ನೀವೇ ಬರೆದಿದ್ದೀರಿ. ಮಗುವಿಗೆ ಒಳ್ಳೆಯದಾಗಲಿ ಅಂತಲೇ ಹೋದಳೋ, ಹೋಗದಿದ್ದರೆ ತನ್ನ ಪುಸ್ತಕದಲ್ಲಿ ‘ಮುಚ್ಚಿಟ್ಟದ್ದು’ ಅಂತ ಒಂದು ಸಾಲು ಬೀಳುತ್ತದೆ ಅಂತ ಹೋದಳೋ, ನನಗೆ ಗೊತ್ತಾಗಬೇಕು. ಕಚೇರಿಯಲ್ಲಿ ಸಾಲಿನಲ್ಲಿ ನಿಂತಾಗ ಮಗು ಅವಳ ಸೆರಗು ಹಿಡಿದಿತ್ತಾ? ಹೋಗುವ ಮೊದಲು ಚೂರುಗಳನ್ನು ಗುಡಿಸಿದಳಾ, ವಾಪಸ್ ಬಂದ ಮೇಲೆ ಗುಡಿಸಿದಳಾ?

ಅಷ್ಟನ್ನು ಬರೆದು ಕಳಿಸಿ. ಎರಡು ಪುಟ ಬಂದರೂ ಸಾಕು.