‘ಇದೆಲ್ಲಾ ಟೈಂಪಾಸ್’ ಎನ್ನುವ ಹಿರಿಯರಿಗೆ ಏನು ಹೇಳಲಿ?

ಪ್ರಶ್ನೆ: ನಾನು ವಿಜಯಪುರದವನು. ಪುಣೆ ಹತ್ತಿರ ಚಾಕಣ್‌ನಲ್ಲಿ ವಾಹನಗಳ ಬಿಡಿಭಾಗ ಮಾಡುವ ಕಂಪನಿಯ ಟ್ರೇನಿಂಗ್ ವಿಭಾಗದಲ್ಲಿದ್ದೇನೆ. ಕೆಲಸಗಾರರು ಒಬ್ಬರಿಂದೊಬ್ಬರು ಕಲಿಯಲಿ ಎಂದು ವಾರಕ್ಕೊಂದು ಗಂಟೆ ಮಾತುಕತೆ, ಒಂದು ವಾಟ್ಸಾಪ್ ಗ್ರೂಪ್ ಶುರು ಮಾಡಿದೆ. ಹಿರಿಯ ಸೂಪರ್‌ವೈಸರ್‌ಗಳು ‘ಇದೆಲ್ಲಾ ಟೈಂಪಾಸ್, ಪ್ರೊಡಕ್ಷನ್ ಯಾರು ಕೊಡ್ತಾರೆ?’ ಎನ್ನುತ್ತಾರೆ. ಇದರ ಬೆಲೆ ಅವರಿಗೆ ಹೇಗೆ ತಿಳಿಸಲಿ?

ಉತ್ತರ: ಅವರ ತಕರಾರಿನಲ್ಲಿ ಅರ್ಧ ನಿಜ ಇದೆ. ವಿಷಯವೇ ಇಲ್ಲದೆ ಜನರನ್ನು ಕೂರಿಸಿ ಹಾಜರಿ ಹಾಕಿದರೆ ಅದು ಟೈಂಪಾಸೇ. ಉಳಿದರ್ಧಕ್ಕೆ ಅವರೇ ಉತ್ತರ. ಮಷೀನಿನ ಕೆಲಸ ಯಾರ ಪಕ್ಕ ನಿಂತು ಕಲಿತಿರಿ ಎಂದು ಕೇಳಿ ನೋಡಿ.

ಮುಂಬೈ, ಪುಣೆಯ ಉಡುಪಿ ಹೋಟೆಲುಗಳಲ್ಲಿ ಊರಿಂದ ಬಂದ ಹುಡುಗ ಮೊದಲು ಲೋಟ ತೊಳೆದ, ಟೇಬಲ್ ಒರೆಸಿದ, ಆಮೇಲೆ ಸಪ್ಲೈಗೆ ನಿಂತ. ಕೆಲವರು ಗಲ್ಲಾದವರೆಗೂ ಬಂದರು. ಪಾಠ ಹೇಳಿದವರು ಯಾರೂ ಇಲ್ಲ. ಮಾನವಶಾಸ್ತ್ರಜ್ಞೆ ಜೀನ್ ಲೇವ್ ಲೈಬೀರಿಯಾದ ದರ್ಜಿಗಳಲ್ಲೂ ಇಂಥದ್ದೇ ಕ್ರಮ ಕಂಡರು. ಹೊಸಬ ಮೊದಲು ಗುಂಡಿ ಹಚ್ಚುತ್ತಾನೆ, ಅಂಚು ಮಡಿಸುತ್ತಾನೆ. ಬಟ್ಟೆ ಕತ್ತರಿಸುವುದು ಕೊನೆಗೆ, ಯಾಕೆಂದರೆ ಅಲ್ಲಿ ತಪ್ಪಿದರೆ ನಷ್ಟ ಜಾಸ್ತಿ.

‘ಅದು ತಾನಾಗಿ ಆಗ್ತದಲ್ಲ, ನಿಮ್ಮ ಗ್ರೂಪ್ ಯಾಕೆ?’ ಎಂದು ಅವರು ಕೇಳಬಹುದು. ಒಳ್ಳೆಯ ಪ್ರಶ್ನೆ. ಇದಕ್ಕೆ ಜೆರಾಕ್ಸ್ ಕಂಪನಿಯ ಕಥೆ ಹೇಳಿ. 1980ರ ದಶಕದಲ್ಲಿ ಜೂಲಿಯನ್ ಓರ್ ಎಂಬ ಸಂಶೋಧಕರು ಅಲ್ಲಿನ ರಿಪೇರಿ ತಂತ್ರಜ್ಞರ ಜೊತೆ ಓಡಾಡಿದರು. ಮ್ಯಾನುಯಲ್‌ನಲ್ಲಿ ಇಲ್ಲದ ದೋಷ ಬಂದಾಗ ಅವರ ಕೈಹಿಡಿಯುತ್ತಿದ್ದುದು ತಿಂಡಿ, ಊಟದ ಹೊತ್ತಿಗೆ ಹಂಚಿಕೊಂಡ ಕಥೆಗಳು. ಆದರೆ ಒಂದು ಕಡೆಯ ಕಥೆ ಇನ್ನೊಂದು ಊರಿನವರಿಗೆ ಸಿಗುವುದು ಹೇಗೆ? 1990ರ ದಶಕದಲ್ಲಿ ಕಂಪನಿ ‘ಯುರೇಕಾ’ ಎಂಬ ವ್ಯವಸ್ಥೆ ತಂದಿತು. ಒಬ್ಬ ತಂತ್ರಜ್ಞ ಬರೆದ ಉಪಾಯವನ್ನು ಅನುಭವಿಗಳು ಪರೀಕ್ಷಿಸುತ್ತಿದ್ದರು. ಸರಿ ಎನಿಸಿದರೆ ಬರೆದವನ ಹೆಸರಿನೊಂದಿಗೇ ಅದು ಉಳಿದವರಿಗೆ ಸಿಗುತ್ತಿತ್ತು.

ಆ ಹೆಸರು ಮುಖ್ಯ. ಯಾಕೆಂದರೆ ನಿಮ್ಮ ಹಿರಿಯರಿಗೆ ಬಾಯಿಬಿಟ್ಟು ಹೇಳದ ಇನ್ನೊಂದು ಅಳುಕೂ ಇರಬಹುದು. ವರ್ಷಗಟ್ಟಲೆ ಕಲಿತ ಗುಟ್ಟನ್ನು ಕಾಂಟ್ರಾಕ್ಟ್ ಹುಡುಗನಿಗೆ ಕೊಟ್ಟರೆ ನಾಳೆ ನನ್ನನ್ನು ಯಾರು ಕೇಳ್ತಾರೆ? ಅದು ಸುಮ್ನೆ ಹುಟ್ಟಿದ ಅಳುಕಲ್ಲ. ಕಲಿಸಿದ್ದನ್ನೂ ಅವರ ಅಪ್ರೈಸಲ್‌ನಲ್ಲಿ ಬರೆಯಲು ಮ್ಯಾನೇಜರ್ ಒಪ್ಪಬೇಕು. ಒಪ್ಪದಿದ್ದರೆ ನೀವು ಎಷ್ಟು ವಿವರಿಸಿದರೂ ಅಷ್ಟೇ.

ಸದ್ಯಕ್ಕೆ ಆ ವಾರದ ಗಂಟೆ ಬಿಡಿ. ಪದೇ ಪದೇ ಬರುವ ಒಂದು ದೋಷ ಆರಿಸಿ, ಉದಾಹರಣೆಗೆ ಒಂದೇ ಪಾರ್ಟ್‌ನಲ್ಲಿ ಉಳಿಯುವ ಬರ್, ಅಂದರೆ ಲೋಹ ಕತ್ತರಿಸಿದಾಗ ಅಂಚಿನಲ್ಲಿ ಉಳಿಯುವ ಚೂಪು ಚೂರು. ಎಲ್ಲರಿಗಿಂತ ಜಾಸ್ತಿ ವಿರೋಧಿಸುವ ಸೂಪರ್‌ವೈಸರ್ ಬಳಿಗೇ ಹೋಗಿ, ‘ಸರ್, ಇದನ್ನು ನೀವು ಹೇಗೆ ಸರಿಮಾಡ್ತೀರಿ, ಮಷೀನ್ ಹತ್ತಿರ ತೋರಿಸ್ತೀರಾ?’ ಎನ್ನಿ. ಶಿಫ್ಟ್ ಬದಲಾಗುವಾಗ ಹತ್ತು ನಿಮಿಷ ಸಾಕು. ಅದು ಡ್ಯೂಟಿ ಸಮಯದಲ್ಲೇ ಆಗಲಿ. ಅವರು ಮರಾಠಿಯಲ್ಲಿ ಹೇಳಿದರೆ ಮರಾಠಿಯಲ್ಲೇ ಇರಲಿ. ಒಪ್ಪಿದರೆ ಚಿಕ್ಕ ವಿಡಿಯೋ ಮಾಡಿ, ಅವರ ಹೆಸರು ಹಾಕಿ, ಮುಂದಿನ ಶಿಫ್ಟಿಗೆ ಕಳಿಸಿ.

ಆಮೇಲೆ ಆ ಪಾರ್ಟ್‌ನ ರಿಜೆಕ್ಷನ್ ರಿಜಿಸ್ಟರ್, ಅಂದರೆ ದೋಷದಿಂದ ಪಕ್ಕಕ್ಕಿಟ್ಟ ಪಾರ್ಟ್‌ಗಳ ಲೆಕ್ಕ ನೋಡಿ. ಹೊಸ ಸರ್ವೇ ಬೇಡ, ಅವರು ನಂಬುವುದು ಆ ರಿಜಿಸ್ಟರನ್ನೇ ಅಲ್ವಾ? ಅದೇ ವೇಳೆಗೆ ಟೂಲ್ ಅಥವಾ ಮಾಲು ಬದಲಾಗಿದ್ದರೆ ಅದನ್ನೂ ಹೇಳಿಬಿಡಿ, ಇಲ್ಲದಿದ್ದರೆ ಅವರೇ ಎತ್ತಿ ತೋರಿಸುತ್ತಾರೆ. ರಿಜೆಕ್ಷನ್ ಇಳಿಯದಿದ್ದರೆ ಬೇರೆ ದೋಷ ಆರಿಸಿ.

ಇನ್ನು ಆ ವಾಟ್ಸಾಪ್ ಗ್ರೂಪ್: ಗುಡ್ ಮಾರ್ನಿಂಗ್ ಹೂಗಳನ್ನು ಮೊದಲ ದಿನವೇ ನಿಲ್ಲಿಸಿ. ಗ್ರಾಹಕರ ಡ್ರಾಯಿಂಗ್ ಫೋಟೋ ಅದರಲ್ಲಿ ಯಾರೂ ಹಾಕಕೂಡದು. ಮಷೀನ್ ಹತ್ತಿರ ವಿಡಿಯೋ ತೆಗೆಯಲು ಪ್ಲಾಂಟಿನ ಅನುಮತಿ ಬೇಕೇ ಎಂಬುದನ್ನೂ ಮೊದಲೇ ಕೇಳಿಕೊಳ್ಳಿ.