ಕಂಬಳಿ ಹೊದ್ದ ಭೂಮಿಗೆ ಚಳಿ ಹಿಡಿದದ್ದು ಹೇಗೆ?

ಪ್ರಶ್ನೆ: ಹಸಿರುಮನೆ ಪರಿಣಾಮ ಮನುಷ್ಯ ಹುಟ್ಟುವ ಮೊದಲಿನಿಂದಲೂ ಇದೆ ಅಂತಾರೆ. ಹಾಗಿದ್ದರೆ ಭೂಮಿ ಯಾವಾಗಲೂ ಬೆಚ್ಚಗೇ ಇರಬೇಕಿತ್ತು, ಅಲ್ವಾ? ನಡುವೆ ಹಿಮಯುಗಗಳು ಬಂದದ್ದು ಹೇಗೆ? ಇನ್ನೊಂದು ಅನುಮಾನ. ಹಿಮಯುಗ ಮುಗಿಯುವಾಗ ಮೊದಲು ಬಿಸಿ ಏರಿತು, ಆಮೇಲೆ ಇಂಗಾಲದ ಡೈಆಕ್ಸೈಡ್ ಏರಿತು ಅಂತ ಎಲ್ಲೋ ಓದಿದೆ. ಹಾಗಾದರೆ ಬಿಸಿಗೆ ಆ ಅನಿಲ ಕಾರಣವೇ ಅಲ್ಲ ಅಂತ ಆಯಿತಲ್ಲ?

ಉತ್ತರ: ನಿಮ್ಮ ಎರಡನೇ ಅನುಮಾನ ನನಗೆ ಜಾಸ್ತಿ ಹಿಡಿಸಿತು. ಆದರೆ ಮೊದಲನೆಯದನ್ನು ಬಿಡಿಸದೆ ಅಲ್ಲಿಗೆ ಹೋಗಲು ಆಗುವುದಿಲ್ಲ.

ಬಿಸಿಲು ಗಾಳಿಯನ್ನು ದಾಟಿ ಬಂದು ನೆಲವನ್ನು ಕಾಯಿಸುತ್ತದೆ. ಕಾದ ನೆಲ ಆ ಶಾಖವನ್ನು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳಾಗಿ ಮೇಲಕ್ಕೆ ಬಿಡುತ್ತದೆ. ಒಣ ಗಾಳಿಯಲ್ಲಿ ನೂರಕ್ಕೆ 99 ಪಾಲು ಸಾರಜನಕ ಮತ್ತು ಆಮ್ಲಜನಕ. ಇವೆರಡೂ ಆ ಕಿರಣಗಳ ತಂಟೆಗೇ ಹೋಗುವುದಿಲ್ಲ. ಅಡ್ಡ ನಿಲ್ಲುವುದು ಉಳಿದ ಚೂರುಪಾರು ಅನಿಲಗಳು: ನೀರಾವಿ, ಇಂಗಾಲದ ಡೈಆಕ್ಸೈಡ್, ಮೀಥೇನ್. ಅವು ಕಿರಣಗಳನ್ನು ಹೀರಿ, ಎಲ್ಲ ದಿಕ್ಕಿಗೂ ಮತ್ತೆ ಬಿಡುತ್ತವೆ. ಅದರಲ್ಲಿ ಒಂದಿಷ್ಟು ನೆಲಕ್ಕೇ ವಾಪಸ್ ಬರುತ್ತದೆ. ಹೀಗಾಗಿ ಭೂಮಿಯ ಸರಾಸರಿ ಉಷ್ಣತೆ ಸುಮಾರು 15 ಡಿಗ್ರಿ ಸೆಲ್ಸಿಯಸ್. ಈ ಅನಿಲಗಳು ಇಲ್ಲದೇ ಹೋಗಿದ್ದರೆ ಅದು ಮೈನಸ್ 18ರ ಆಸುಪಾಸಿನಲ್ಲಿ ಇರುತ್ತಿತ್ತು. (ಹಸಿರುಮನೆ ಅನ್ನುವ ಹೆಸರೇ ಅಷ್ಟು ಸರಿಯಿಲ್ಲ. ಗಾಜಿನ ಮನೆ ಬೆಚ್ಚಗಿರುವುದು ಮುಖ್ಯವಾಗಿ ಒಳಗಿನ ಬಿಸಿಗಾಳಿ ಹೊರಗೆ ಹೋಗದೆ ಇರುವುದರಿಂದ. ಹೆಸರು ಅಂಟಿಕೊಂಡುಬಿಟ್ಟಿದೆ, ಇರಲಿ.)

ಆ ಮೈನಸ್ 18 ಎಲ್ಲಿಗೂ ಹೋಗಿಲ್ಲ, ನಮ್ಮ ತಲೆಯ ಮೇಲೇ ಇದೆ. ಸುಮಾರು 5 ಕಿಲೋಮೀಟರ್ ಎತ್ತರಕ್ಕೆ ಏರಿದರೆ ಗಾಳಿಯ ಸರಾಸರಿ ಉಷ್ಣತೆ ಅಷ್ಟೇ. ಒಟ್ಟಾರೆ ಲೆಕ್ಕದಲ್ಲಿ ಭೂಮಿಯ ಶಾಖ ಬಾಹ್ಯಾಕಾಶಕ್ಕೆ ಹೊರಡುವುದು ಆ ಎತ್ತರದಿಂದ. ಅನಿಲ ಜಾಸ್ತಿಯಾದರೆ ಶಾಖ ಹೊರಡುವ ಜಾಗ ಇನ್ನೂ ಮೇಲಕ್ಕೆ, ಇನ್ನೂ ತಣ್ಣನೆಯ ಕಡೆಗೆ ಸರಿಯುತ್ತದೆ. ತಣ್ಣಗಿರುವುದು ಕಡಿಮೆ ಶಾಖ ಬಿಡುತ್ತದೆ. ಬಿಸಿಲೇನೋ ಮೊದಲಿನಷ್ಟೇ ಬರುತ್ತಿರುತ್ತದೆ. ಆಗ ಬರುವುದೂ ಹೋಗುವುದೂ ಸಮವಾಗುವ ತನಕ ಕೆಳಗೆಲ್ಲ ಬಿಸಿಯಾಗಲೇಬೇಕು. ಅನಿಲ ಕಡಿಮೆಯಾದರೆ ಇದೆಲ್ಲ ತಿರುವುಮುರುವು.

ಹಿಮಯುಗದ ಗುಟ್ಟು ಇಲ್ಲೇ ಇದೆ. ಈ ಅನಿಲಗಳ ಕಂಬಳಿ ಯಾವಾಗಲೂ ಇತ್ತು, ಅದರ ದಪ್ಪ ಮಾತ್ರ ಒಂದೇ ಸಮ ಇರಲಿಲ್ಲ. ಅಂಟಾರ್ಕ್ಟಿಕಾದ ಹಿಮದ ಆಳದಲ್ಲಿ 8 ಲಕ್ಷ ವರ್ಷ ಹಳೆಯ ಗಾಳಿಯ ಗುಳ್ಳೆಗಳು ಸಿಕ್ಕಿಕೊಂಡಿವೆ. ಅವನ್ನು ಅಳೆದು ನೋಡಿದಾಗ ಕಂಡದ್ದಿಷ್ಟು. ಈಚಿನ ಹಿಮಯುಗಗಳ ಕಡುಚಳಿಯ ಕಾಲದಲ್ಲಿ ಇಂಗಾಲದ ಡೈಆಕ್ಸೈಡ್ ಹತ್ತು ಲಕ್ಷ ಭಾಗಕ್ಕೆ ಸುಮಾರು 180 ಭಾಗ. ನಡುವಿನ ಬೆಚ್ಚನೆಯ ಕಾಲದಲ್ಲಿ 280ರ ಹತ್ತಿರ.

ದಪ್ಪ ಬದಲಾದದ್ದು ಯಾಕೆ? ಈಗ ನಿಮ್ಮ ಎರಡನೇ ಅನುಮಾನಕ್ಕೆ ಬಂದೆವು. ಹಿಮಯುಗಗಳ ಮೊದಲ ತಳ್ಳು ಆ ಅನಿಲದ್ದಲ್ಲ, ಆ ಮಟ್ಟಿಗೆ ನೀವು ಓದಿದ್ದು ನಿಜ. ಅದು ಭೂಮಿ ಸೂರ್ಯನನ್ನು ಸುತ್ತುವ ರೀತಿಯ ಏರುಪೇರಿನದು. ಸೆರ್ಬಿಯಾದ ಗಣಿತಜ್ಞ ಮಿಲುಟಿನ್ ಮಿಲಾಂಕೊವಿಚ್ ಇದನ್ನು ವರ್ಷಗಟ್ಟಲೆ ಕೂತು ಕೈಯಲ್ಲೇ ಲೆಕ್ಕ ಹಾಕಿದರು. ಭೂಮಿಯ ಅಕ್ಷದ ಓರೆ ಸುಮಾರು 41 ಸಾವಿರ ವರ್ಷಕ್ಕೊಮ್ಮೆ ತುಸು ಹೆಚ್ಚಿ ತುಸು ಇಳಿಯುತ್ತದೆ. ಕಕ್ಷೆಯ ಆಕಾರವೂ ಸುಮಾರು 1 ಲಕ್ಷ ವರ್ಷದ ಆವರ್ತನದಲ್ಲಿ ಬದಲಾಗುತ್ತದೆ. ಇದರಿಂದ ವರ್ಷದ ಒಟ್ಟು ಬಿಸಿಲು ಹೆಚ್ಚೇನೂ ಬದಲಾಗುವುದಿಲ್ಲ. ಅದು ಎಲ್ಲಿ, ಯಾವ ಋತುವಿನಲ್ಲಿ ಬೀಳುತ್ತದೆ ಅನ್ನುವುದು ಬದಲಾಗುತ್ತದೆ. ಹಿಮಯುಗ ಬರಲು ಭಯಂಕರ ಚಳಿಗಾಲ ಬೇಕು ಅಂತ ತುಂಬಾ ಜನ ತಿಳಿದಿದ್ದಾರೆ. ಬೇಕಾದದ್ದು ತಂಪಾದ ಬೇಸಿಗೆ! ಉತ್ತರದ ನೆಲದಲ್ಲಿ ಬಿದ್ದ ಹಿಮ ಬೇಸಿಗೆಯಲ್ಲಿ ಪೂರ್ತಿ ಕರಗದಿದ್ದರೆ ಸಾಕು, ವರ್ಷದಿಂದ ವರ್ಷಕ್ಕೆ ಪೇರುತ್ತಾ ಹೋಗುತ್ತದೆ.

ಆದರೆ ಈ ತಳ್ಳು ಬಹಳ ಸಣ್ಣದು. ಅದೊಂದರಿಂದಲೇ ಇಡೀ ಭೂಮಿ 5-6 ಡಿಗ್ರಿ ಏರಿಳಿಯುವುದು ಸಾಧ್ಯವಿಲ್ಲ. ದೊಡ್ಡ ಕೆಲಸ ಮಾಡಿದ್ದು ಆಮೇಲಿನ ಸರಪಳಿ. ಬೇಸಿಗೆಯ ಬಿಸಿಲು ಜೋರಾಯಿತು, ಹಿಮ ಕರಗತೊಡಗಿತು. ಬಿಸಿಲನ್ನು ವಾಪಸ್ ಕಳಿಸುತ್ತಿದ್ದ ಬಿಳಿ ನೆಲ ಕಪ್ಪಾಯಿತು, ಇನ್ನಷ್ಟು ಕಾಯಿತು. ಸಮುದ್ರ ಬೆಚ್ಚಗಾಗಿ, ಅದರ ಒಳಹರಿವುಗಳು ಬದಲಾಗಿ, ತಾನು ಹಿಡಿದಿಟ್ಟಿದ್ದ ಇಂಗಾಲದ ಡೈಆಕ್ಸೈಡನ್ನು ಗಾಳಿಗೆ ಬಿಟ್ಟಿತು. ಕಂಬಳಿ ದಪ್ಪವಾಯಿತು, ಬಿಸಿ ಮತ್ತೂ ಏರಿತು. ಬಿಸಿಯಾದ ಗಾಳಿ ಜಾಸ್ತಿ ನೀರಾವಿ ಹಿಡಿಯುತ್ತದೆ, ಡಿಗ್ರಿಗೆ ಸುಮಾರು ನೂರಕ್ಕೆ 7ರಷ್ಟು. ಆ ನೀರಾವಿಯೂ ಕಂಬಳಿಯೇ. ಉತ್ತರದಲ್ಲಿ ಶುರುವಾದದ್ದು ಇಡೀ ಭೂಮಿಗೆ ಹಬ್ಬಿದ್ದು ಹೀಗೆ.

ಬಿಸಿಯಿಂದ ಅನಿಲ ಏರುತ್ತದೆ, ಅನಿಲದಿಂದ ಬಿಸಿಯೂ ಏರುತ್ತದೆ. ಬೀಜದಿಂದ ಮರ, ಮರದಿಂದ ಬೀಜ ಇದ್ದ ಹಾಗೆ. ಒಂದು ಮುಂಚೆ ಬಂತು ಅಂತ ಇನ್ನೊಂದರ ಪಾತ್ರ ಇಲ್ಲವಾಗುವುದಿಲ್ಲ. ಅಂದಹಾಗೆ, ಅಂಟಾರ್ಕ್ಟಿಕಾದ ಬಿಸಿಗೂ ಅನಿಲಕ್ಕೂ ನೂರಾರು ವರ್ಷಗಳ ಅಂತರ ಇತ್ತು ಅಂತ ಮುಂಚೆ ಲೆಕ್ಕ ಹಾಕಿದ್ದರು. ಈಚಿನ ಅಳತೆಗಳಲ್ಲಿ ಆ ಅಂತರ ತುಂಬಾ ಕಿರಿದಾಗಿದೆ.

ಈಗ ನಡೆದಿರುವುದು ಇದೇ ಸರಪಳಿ, ಹಿಡಿದೆಳೆದ ತುದಿ ಮಾತ್ರ ಬೇರೆ. ಈ ಸಲ ಅನಿಲವೇ ಮೊದಲು. 1958ರಲ್ಲಿ ಹವಾಯಿಯ ಮೌನಾ ಲೋವಾದಲ್ಲಿ ಅಳತೆ ಶುರುವಾದಾಗ ಇಂಗಾಲದ ಡೈಆಕ್ಸೈಡ್ ಹತ್ತು ಲಕ್ಷ ಭಾಗಕ್ಕೆ ಸುಮಾರು 315 ಭಾಗ ಇತ್ತು, ಈಗ 420 ದಾಟಿದೆ. ಹಿಮಯುಗ ಮುಗಿಯುವಾಗ ಹತ್ತಿರಹತ್ತಿರ ಇಷ್ಟೇ ಏರಿಕೆಗೆ ಸಾವಿರಾರು ವರ್ಷ ಹಿಡಿದಿತ್ತು. ಸೂರ್ಯನೇ ಜೋರಾಗಿರಬಹುದಲ್ಲ ಅಂತ ಕೇಳುವವರಿದ್ದಾರೆ. ಹಾಗಾಗಿದ್ದರೆ ಗಾಳಿಯ ಮೇಲಿನ ಪದರವೂ ಬಿಸಿಯಾಗಬೇಕಿತ್ತು. ಆದರೆ ಕೆಳಗೆ ಬಿಸಿ ಏರುತ್ತಿದೆ, ಮೇಲಿನ ಆ ಪದರ, ಅಂದರೆ ಸ್ಟ್ರಾಟೋಸ್ಫಿಯರ್, ತಣ್ಣಗಾಗುತ್ತಿದೆ.

ಪ್ರಶ್ನೆ: ಜ್ವಾಲಾಮುಖಿ ಭೂಮಿಯನ್ನು ಬಿಸಿ ಮಾಡುತ್ತದೋ, ತಂಪು ಮಾಡುತ್ತದೋ?

ಉತ್ತರ: ಎರಡೂ. ಎಷ್ಟು ಕಾಲದ ಮಾತು ಅನ್ನುವುದನ್ನು ನೋಡಬೇಕು ಅಷ್ಟೆ. 1991ರಲ್ಲಿ ಫಿಲಿಪ್ಪೀನ್ಸ್‌ನ ಪಿನಟೂಬೊ ಸಿಡಿದಾಗ ಅದು ಉಗುಳಿದ ಗಂಧಕದ ಅನಿಲ ಮೇಲಕ್ಕೇರಿ ಸಣ್ಣ ಹನಿಗಳಾಗಿ ಬಿಸಿಲನ್ನು ತಡೆಯಿತು. ಭೂಮಿ ಸುಮಾರು ಅರ್ಧ ಡಿಗ್ರಿ ತಂಪಾಯಿತು. ಒಂದೆರಡು ವರ್ಷದಲ್ಲಿ ಹನಿಗಳು ಇಳಿದವು, ಆಟ ಮುಗಿಯಿತು.

ಲಕ್ಷಾಂತರ ವರ್ಷಗಳ ಲೆಕ್ಕದಲ್ಲಿ ಜ್ವಾಲಾಮುಖಿ ಬೆಚ್ಚಗಿಡುವ ಕಡೆಗೇ ಇದೆ. ಮಳೆನೀರು ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡು ಬಂಡೆಯನ್ನು ಸವೆಸುತ್ತದೆ. ಆ ಇಂಗಾಲ ಸಮುದ್ರ ಸೇರಿ ಸುಣ್ಣಕಲ್ಲಾಗುತ್ತದೆ. ಜ್ವಾಲಾಮುಖಿ ಅದನ್ನು ಮತ್ತೆ ಗಾಳಿಗೆ ತರುತ್ತದೆ. ಬಿಸಿ ಹೆಚ್ಚಾದರೆ ಸವೆತ ಚುರುಕಾಗಿ ಅನಿಲ ಇಳಿಯುತ್ತದೆ, ಚಳಿಯಾದರೆ ಸವೆತ ನಿಧಾನವಾಗಿ ಅನಿಲ ಉಳಿಯುತ್ತದೆ. ಸುಮಾರು 70 ಕೋಟಿ ವರ್ಷದ ಹಿಂದೆ ಭೂಮಿ ಬಹುಪಾಲು ಹಿಮದಲ್ಲಿ ಮುಚ್ಚಿಹೋಗಿತ್ತು. ಬಂಡೆಗಳೆಲ್ಲ ಹಿಮದಡಿ ಸೇರಿ ಸವೆತ ನಿಂತಿತ್ತು, ಜ್ವಾಲಾಮುಖಿಗಳು ಮಾತ್ರ ನಿಂತಿರಲಿಲ್ಲ. ಅವು ಬಿಟ್ಟ ಅನಿಲ ಪೇರಿ ಪೇರಿ ಕೊನೆಗೆ ಹಿಮ ಕರಗಿತು ಅನ್ನುವುದು ವಿಜ್ಞಾನಿಗಳು ಹೆಚ್ಚಾಗಿ ಒಪ್ಪುವ ವಿವರಣೆ. ಆದರೆ ಇದು ತುಂಬಾ ನಿಧಾನದ ಕೆಲಸ. ಈಗ ಎಲ್ಲ ಜ್ವಾಲಾಮುಖಿಗಳೂ ಸೇರಿ ವರ್ಷಕ್ಕೆ ಬಿಡುವ ಇಂಗಾಲದ ಡೈಆಕ್ಸೈಡ್, ನಾವು ಕಲ್ಲಿದ್ದಲು, ತೈಲ ಉರಿಸಿ ಬಿಡುವುದರ ನೂರನೇ ಒಂದು ಪಾಲೂ ಇಲ್ಲ.