ರಕ್ತನಾಳದ ಕೋಶಗಳ ನಡುವೆ ಇರುವುದು ಅಂಟೇ?

ಪ್ರಶ್ನೆ: ಅತಿ ಸಣ್ಣ ರಕ್ತನಾಳವಾದ ಲೋಮನಾಳದ ಗೋಡೆಯಲ್ಲಿ ಜೀವಕೋಶಗಳ ಒಂದೇ ಪದರವಿದೆ ಎಂದು ಓದಿದ್ದೇನೆ. ಆ ಕೋಶಗಳನ್ನು ಒಂದಕ್ಕೊಂದು ಹಿಡಿದಿಟ್ಟಿರುವುದು ಯಾವುದು? ಅದು ಅಂಟಿನಂಥದ್ದಾದರೆ, ಪೆಟ್ಟು ಬಿದ್ದ ಜಾಗ ಊದಿಕೊಳ್ಳುವಾಗ ದ್ರವ ಹೊರಬರುವುದು ಹೇಗೆ?

ಉತ್ತರ: ಅಂಟು ಎನ್ನುವ ಮಾತು ಇಲ್ಲಿ ಸ್ವಲ್ಪ ದಾರಿ ತಪ್ಪಿಸುತ್ತದೆ. ಅಕ್ಕಪಕ್ಕದ ಕೋಶಗಳನ್ನು ಬಿಡದಂತೆ ಹಿಡಿದಿಡುವುದು ಒಂದು ಕೆಲಸ, ಅವುಗಳ ನಡುವಿನ ಸಂದು ಸೋರದಂತೆ ಮುಚ್ಚುವುದು ಇನ್ನೊಂದು. ರಕ್ತನಾಳದಲ್ಲಿ ಈ ಎರಡನ್ನೂ ಬಹುಮಟ್ಟಿಗೆ ಬೇರೆ ಬೇರೆ ಪ್ರೋಟೀನ್‌ಗಳು ವಹಿಸಿಕೊಂಡಿವೆ.

ಹಿಡಿತದ ಕೆಲಸ ಮುಖ್ಯವಾಗಿ ವಿಇ-ಕ್ಯಾಡ್ಹೆರಿನ್ ಎಂಬ ಪ್ರೋಟೀನಿನದು. ಎದುರುಬದುರು ಕೋಶಗಳಿಂದ ಚಾಚಿದ ಇದರ ತುದಿಗಳು ಪರಸ್ಪರ ಕೂಡಿಕೊಳ್ಳಲು ಕ್ಯಾಲ್ಸಿಯಂ ಇರಲೇಬೇಕು. ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಿದ ಕೋಶಗಳ ಸುತ್ತಲಿನ ದ್ರವದಿಂದ ಕ್ಯಾಲ್ಸಿಯಂ ತೆಗೆದುಬಿಟ್ಟರೆ ಅವು ಕೈಬಿಟ್ಟಂತೆ ದೂರ ಸರಿಯುತ್ತವೆ.

ಮುಚ್ಚುವ ಕೆಲಸ ಟೈಟ್ ಜಂಕ್ಷನ್ ಎಂದು ಕರೆಯುವ ಬಿಗಿಸಂಧಿಯದು. ಜಪಾನಿನ ಶೋಇಚಿರೊ ತ್ಸುಕಿತಾ ಮತ್ತು ಮಿಕಿಯೊ ಫುರುಸೆ ಅವರ ತಂಡ 1993ರಲ್ಲಿ ಇಲ್ಲಿ ಆಕ್ಲುಡಿನ್ ಎಂಬ ಪ್ರೋಟೀನನ್ನು ಗುರುತಿಸಿತು. ಆದರೆ ಅದಿಲ್ಲದ ಕೋಶಗಳಲ್ಲೂ ಬಿಗಿಸಂಧಿ ರೂಪುಗೊಳ್ಳುತ್ತಿತ್ತು. ಅದೇ ತಂಡಕ್ಕೆ 1998ರಲ್ಲಿ ಸಿಕ್ಕಿದ್ದು ಕ್ಲಾಡಿನ್. ಮುಚ್ಚು ಎಂಬರ್ಥದ ಲ್ಯಾಟಿನ್ ಕ್ರಿಯಾಪದದಿಂದ ಬಂದ ಈ ಹೆಸರು ಅದಕ್ಕೆ ಚೆನ್ನಾಗಿಯೇ ಒಪ್ಪುತ್ತದೆ. ಕೋಶಪೊರೆಯನ್ನು ನಾಲ್ಕು ಬಾರಿ ಹಾದುಹೋಗುವ ಈ ಪ್ರೋಟೀನಿನ ಎರಡು ಕುಣಿಕೆಗಳು ಹೊರಗೆ ಉಳಿದು, ಪಕ್ಕದ ಕೋಶದ ಕುಣಿಕೆಗಳೊಂದಿಗೆ ಹೆಣೆದುಕೊಳ್ಳುತ್ತವೆ.

ರಕ್ತನಾಳಗಳಲ್ಲಿ, ಅದರಲ್ಲೂ ಮಿದುಳಿನವುಗಳಲ್ಲಿ, ಹೇರಳವಾಗಿರುವುದು ಕ್ಲಾಡಿನ್-5. ಇದಿಲ್ಲದಂತೆ ಮಾಡಿದ ಇಲಿಮರಿಗಳು ಹುಟ್ಟಿದ ದಿನವೇ ಸತ್ತವು. ನನಗೆ ಇಲ್ಲಿ ಹೆಚ್ಚು ಮುಖ್ಯವೆನಿಸುವ ಸಂಗತಿ ಬೇರೆ: ಅವುಗಳ ಮಿದುಳಿನ ನಾಳಗಳು ನೋಡಲು ಸರಿಯಾಗಿಯೇ ಇದ್ದವು, ಕೋಶಗಳು ಬಿಟ್ಟುಕೊಂಡಿರಲಿಲ್ಲ, ದೊಡ್ಡ ಅಣುಗಳೂ ಸೋರಲಿಲ್ಲ, ಸುಮಾರು 800 ಡಾಲ್ಟನ್‌ಗಿಂತ (ಡಾಲ್ಟನ್ ಎಂದರೆ ಅಣುತೂಕದ ಅಳತೆ) ಚಿಕ್ಕ ಅಣುಗಳು ಮಾತ್ರ ಮಿದುಳಿಗೆ ನುಸುಳಿದ್ದವು. ಹಿಡಿತ ಉಳಿದೂ ಮುಚ್ಚಳಿಕೆ ಕೆಡಬಹುದು ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ.

ಇನ್ನು ಊತದ ವಿಷಯ. ಲೋಮನಾಳಗಳ ನಂತರ ಬರುವ ಕಿರು ಅಭಿಧಮನಿಗಳಲ್ಲಿ ಬಿಗಿಸಂಧಿಗಳು ಮೊದಲೇ ಸಡಿಲ. ಪೆಟ್ಟು ಬಿದ್ದಾಗ ಬಿಡುಗಡೆಯಾಗುವ ಹಿಸ್ಟಮೀನ್ ಎಂಬ ರಾಸಾಯನಿಕ ಅಲ್ಲಿನ ಕೋಶಗಳಿಗೆ ತಾಗಿದರೆ, ಕೋಶದೊಳಗಿನ ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳು ಸೆಟೆದು ಅಂಚನ್ನು ಒಳಕ್ಕೆ ಎಳೆಯುತ್ತವೆ, ವಿಇ-ಕ್ಯಾಡ್ಹೆರಿನ್‌ನ ಹಿಡಿತವೂ ಸಡಿಲುತ್ತದೆ. ತೆರೆದ ಸಂದಿನಿಂದ ರಕ್ತದ ದ್ರವಭಾಗವಾದ ಪ್ಲಾಸ್ಮಾ ಹೊರಬರುತ್ತದೆ. ಹಿಸ್ಟಮೀನ್ ತೆರೆದ ಸಂದು ಬೇಗನೆ ಮುಚ್ಚಿಕೊಳ್ಳುತ್ತದೆ. ಆಮೇಲೂ ಊತ ಉಳಿಯುವುದಕ್ಕೆ ಒಂದು ಕಾರಣವೆಂದರೆ, ಹೊರಬಂದ ದ್ರವವನ್ನು ದುಗ್ಧನಾಳಗಳು (ಲಿಂಫ್ ನಾಳಗಳು) ನಿಧಾನವಾಗಿಯೇ ಸಾಗಿಸಬೇಕಾಗುತ್ತದೆ.